ನಗದೆ ನಗಿಸಿದವರು

ಹಾಸ್ಯರಸವು ಎರಡು ಬಗೆಯೆಂದು ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಹೇಳಿರುವನು. ತಾನೇ ನಗುವುದು ಆತ್ಮಸ್ಥ. ಪರರನ್ನು ನಗಿಸುವುದು ಪರಸ್ಥ. ತಾನು ಕಿಂಚಿತ್ತೂ ನಗದೆ ಸಭೆಯನ್ನೆಲ್ಲ ನಗಿಸುವುದು ಈ ಎರಡನೆಯದರ ಪರಾಕಾಷ್ಠೆಯೆಂದು ನಮ್ಮ ಎಣಿಕೆ. ಅಮೆರಿಕದ ಮೂಕಚಿತ್ರಗಳ ನಟ ಬಸ್ಟರ್ ಕೀಟನ್ನನಿಗೆ ಕಲ್ಲುಮುಖದವನೆಂಬ ಬಿರುದೇ ಇದ್ದಿತು. ಕಲ್ಲಿನ ಕೋಟೆಯ ನೆರಳಿನಲ್ಲಿ ಬೆಳೆದ ನಮಗೆ ಆ ವಿದ್ಯೆಯ ರುಚಿಯನ್ನು ತೋರಿಸಿದವರು ಮಾಸ್ಟರ್ ಹಿರಣ್ಣಯ್ಯನವರು.

1934ರಲ್ಲಿ ಮೈಸೂರಿನಲ್ಲಿ ಜನಿಸಿದ ಇವರ ಹುಟ್ಟುಹೆಸರು ನರಸಿಂಹಮೂರ್ತಿ. ತಂದೆ ಕೆ. ಹಿರಣ್ಣಯ್ಯನವರು ಮಿತ್ರಮಂಡಳಿಯನ್ನು ಕಟ್ಟಿದ ನಟರು. 1943ರ ‘ವಾಣಿ’ ಚಿತ್ರವನ್ನು ನಿರ್ದೇಶಿಸಿದವರು. 1953ರಲ್ಲಿ ಅವರು ತೀರಿಕೊಂಡಾಗ ಮಗನಿಗೆ 19 ವರ್ಷ. ಕಾಲಾಂತರದಲ್ಲಿ ಮಂಡಳಿಯ ಭಾರವನ್ನು ಮಗನೇ ಹೊತ್ತನು. ‘ಲಂಚಾವತಾರ’, ‘ಭ್ರಷ್ಟಾಚಾರ’, ‘ನಡುಬೀದಿ ನಾರಾಯಣ’ ಮುಂತಾದುವು ನಾಡಿನ ಮನೆಮಾತಾದುವು. ‘ಲಂಚಾವತಾರ’ವೊಂದೇ 10,000ಕ್ಕೂ ಮಿಕ್ಕಿ ಪ್ರಯೋಗಗಳನ್ನು ಕಂಡಿತೆಂದು ಪ್ರಸಿದ್ಧಿ.

ಅವರಿಗೆ ನಾಟಕದ ಕಥೆಯೆಂಬುದು ಗೂಟ ಮಾತ್ರ. ನಡುವೆ ಕಥೆಯನ್ನು ಬಿಟ್ಟು, ಅಂದಿನ ರಾಜಕೀಯವನ್ನೆತ್ತಿಕೊಂಡು, ಸಭಿಕರೊಡನೆಯೇ ಮಾತಿಗೆ ನಿಲ್ಲುವರು. ಬರೆದಿಟ್ಟುಕೊಂಡ ಮಾತಲ್ಲ, ಆದುದರಿಂದ ನಿನ್ನೆಯ ಆಟ ಇಂದಿನದಲ್ಲ. ಎದುರಿಗೆ ಅಧಿಕಾರಿಗಳಿದ್ದರೂ ನಾಲಗೆ ಅಳುಕದು.

ನಾವು ಹೊಸದುರ್ಗದಲ್ಲಿ ಹೊಸದಾಗಿ ಮೇಷ್ಟರಾಗಿದ್ದ ಕಾಲ. ಸಂಜೆ ನಮ್ಮ ಕೊಠಡಿಯಲ್ಲಿ ‘ಲಂಚಾವತಾರ’ದ ಕ್ಯಾಸೆಟ್ಟು ಹಾಕಿದರೆ ಜಗುಲಿಯ ತನಕ ಜನ ಕೂಡುವರು. ಅವರಲ್ಲಿ ಒಂದು ಕಚೇರಿಯ ಗುಮಾಸ್ತರೂ ಒಬ್ಬರು. ಎಲ್ಲರಿಗಿಂತ ಹೆಚ್ಚಾಗಿ ನಕ್ಕವರು ಅವರೇ. ತಿಂಗಳೊಪ್ಪತ್ತಿನಲ್ಲಿ ತಂದೆಯವರ ಜಮೀನಿನ ಪತ್ರದ ನಕಲಿಗಾಗಿ ಅವರಲ್ಲಿಗೇ ಹೋಗಬೇಕಾಯಿತು. “ಮೇಷ್ಟ್ರೇ, ಪದ್ಧತಿ ತಮಗೆ ಗೊತ್ತೇ ಇದೆಯಲ್ಲ” ಎಂದರು. ನಾವು ಹತ್ತರ ನೋಟನ್ನು ಕಾಗದದಡಿಯಲ್ಲಿ ಸರಿಸಿದೆವು. ಅವರು ನಗಲಿಲ್ಲ, ನಾವೂ ನಗಲಿಲ್ಲ. ಅಂದಿನ ಕಲ್ಲುಮುಖ ನಮ್ಮಿಬ್ಬರದಾಗಿದ್ದಿತು. ಆ ಸಂಜೆಯೂ ಕ್ಯಾಸೆಟ್ಟು ತಿರುಗಿತು. ನಗು ಮಾತ್ರ ಗಂಟಲಿನಲ್ಲಿಯೇ ನಿಂತಿತು. ಅವರು ತಾವೇಕೆ ನಗುತ್ತಿರಲಿಲ್ಲವೆಂಬುದು ನಮಗೆ ಹೊಳೆದುದು ಆಗಲೇ: ಅವರು ಹೇಳುತ್ತಿದ್ದುದು ನಮ್ಮ ವಿಷಯವನ್ನೇ.

ಮುಂದೆ ಹೊಳಲ್ಕೆರೆ, ಹಿರಿಯೂರುಗಳಲ್ಲಿ ಪಾಠ ಹೇಳಿ ಚಿತ್ರದುರ್ಗದಲ್ಲಿ ನಿವೃತ್ತರಾದೆವು. ಹಿರಣ್ಣಯ್ಯನವರು 2019ರ ಮೇ 2ರಂದು ಬೆಂಗಳೂರಿನಲ್ಲಿ ಕಾಲವಾಗಿದ್ದರು. ಆದರೂ ನಮ್ಮ ಪಿಂಚಣಿಯ ಕಾಗದಗಳು ಒಂದು ಮೇಜಿನ ಮೇಲೆ ನಿಂತು “ಪದ್ಧತಿ”ಯ ಮಾತು ಮತ್ತೆ ಬಂದಾಗ, ಕಿವಿಯಲ್ಲಿ ಆ ಧ್ವನಿಯೇ ಕೇಳಿಸಿತು. ಕೈ ಜೇಬಿಗೆ ಹೋಗಲಿಲ್ಲ. ಪಿಂಚಣಿ ಮೂರು ತಿಂಗಳು ತಡವಾಯಿತು, ಮನೆಯಾಕೆ ಗೊಣಗಿದರು, ಕಡೆಗೆ ಬಂದಿತು. ಅಂದು ರಾತ್ರಿ ಮೊಮ್ಮಕ್ಕಳೊಡನೆ ಕುಳಿತು ಆ ನಾಟಕವನ್ನು ಮತ್ತೊಮ್ಮೆ ಕೇಳಿ, ಮನಸಾರ ನಕ್ಕೆವು.