‘ಮುಕುಟ’: ಒಂದು ಬಾಲನಾಟಕದ ಐತಿಹಾಸಿಕ ಹಿನ್ನೆಲೆ

ರವೀಂದ್ರನಾಥ ಠಾಕೂರರ ನಾಟಕಗಳನ್ನು ಕುರಿತು ಬರೆಯುವವರು ‘ವಿಸರ್ಜನ’, ‘ಡಾಕ್ ಘರ್’ ಮುಂತಾದವುಗಳ ಬಳಿ ನಿಲ್ಲುವುದುಂಟು. ‘ಮುಕುಟ’ದ ಹೆಸರೆತ್ತುವವರು ವಿರಳ. 1908ರಲ್ಲಿ ಹೊರಬಂದ ಈ ಕಿರುನಾಟಕವು ವೃತ್ತಿರಂಗಭೂಮಿಗಾಗಿ ರಚಿತವಾದುದಲ್ಲ. ಬೋಲಪುರದಲ್ಲಿ 1901ರಲ್ಲಿ ತಾವು ಸ್ಥಾಪಿಸಿದ ಬ್ರಹ್ಮಚರ್ಯಾಶ್ರಮದ ಬಾಲಕರು ಅಭಿನಯಿಸಲೆಂದೇ ಕವಿಗಳು ಇದನ್ನು ಬರೆದರು. ಇದರ ಮೂಲವು 1885ರಲ್ಲಿ ‘ಬಾಲಕ’ ಪತ್ರಿಕೆಯಲ್ಲಿ ಅವರೇ ಪ್ರಕಟಿಸಿದ್ದ ಒಂದು ಕಥೆ. ಕಥೆಯಲ್ಲಿ ಬರುವ ಕಮಲಾದೇವಿಯು ನಾಟಕದಲ್ಲಿ ರಂಗಕ್ಕೆ ಬರುವುದಿಲ್ಲ. ನಟರೆಲ್ಲರೂ ಹುಡುಗರಾದುದರಿಂದ ಸ್ತ್ರೀಪಾತ್ರಗಳನ್ನು ಬಿಡಲಾಯಿತೆಂದು ಊಹಿಸಬಹುದು.

ವಸ್ತುವು ತ್ರಿಪುರಾ ರಾಜ್ಯದ ಇತಿಹಾಸದ್ದು. 1577ರಲ್ಲಿ ಪಟ್ಟವೇರಿದ ಅಮರಮಾಣಿಕ್ಯನ ಕಾಲದಲ್ಲಿ ಚಿತ್ತಗಾಂಗ್ ಪ್ರಾಂತಕ್ಕಾಗಿ ಅರಕಾನಿನೊಡನೆ ಯುದ್ಧ ನಡೆಯಿತು. ನಾಟಕದ ಪ್ರಕಾರ, ಕಿರಿಯ ರಾಜಕುಮಾರನಾದ ರಾಜಧರನು ಸೇನಾಪತಿಯ ಅಪ್ಪಣೆಯಿಲ್ಲದೆ ರಾತ್ರಿಯಲ್ಲಿ ಶತ್ರುಶಿಬಿರವನ್ನು ಹೊಕ್ಕು, ಅರಕಾನಿನ ಅರಸನನ್ನು ಸೆರೆಹಿಡಿದು, ಅವನ ಮುಕುಟವನ್ನು ತರುತ್ತಾನೆ. ಅದು ಯಾರ ತಲೆಗೆ ಸಲ್ಲಬೇಕೆಂಬ ವಿವಾದದಿಂದ ಸೋದರರು ಒಡೆಯುತ್ತಾರೆ, ಶತ್ರುವು ಮತ್ತೆ ಮೇಲೆ ಬೀಳುತ್ತಾನೆ, ಯುವರಾಜನು ಮಡಿಯುತ್ತಾನೆ.

ತ್ರಿಪುರಾ ಅರಸರ ಪದ್ಯಚರಿತ್ರೆಯಾದ ‘ರಾಜಮಾಲಾ’ದಲ್ಲಿಯೂ ದಂತದ ಮುಕುಟವುಂಟು, ಅದಕ್ಕಾಗಿ ನಡೆದ ಕಲಹವೂ ಉಂಟು. ಆದರೆ ಅಲ್ಲಿ ಮುಕುಟವು ಕೊಳ್ಳೆಯಲ್ಲ. ಅರಕಾನಿನ ಅರಸನು ಸಂಧಿಯನ್ನು ಬಯಸಿ ಕಳುಹಿಸಿದ ಕಾಣಿಕೆ. ಈ ಒಂದು ವ್ಯತ್ಯಾಸವನ್ನು ನಾವು ಸಣ್ಣದೆಂದು ಭಾವಿಸಲಾರೆವು. ಕಾಣಿಕೆಗಾಗಿ ಕಚ್ಚಾಡಿದಲ್ಲಿ ತಪ್ಪು ಸೋದರರೆಲ್ಲರದಾಗುತ್ತದೆ. ಕಪಟದಿಂದ ತಂದ ಕೊಳ್ಳೆಯಾದಲ್ಲಿ ತಪ್ಪಿನ ಹೊರೆಯೆಲ್ಲ ರಾಜಧರನೊಬ್ಬನ ಮೇಲೆ ಬೀಳುತ್ತದೆ. ಹುಡುಗರಿಗೆ ಒಬ್ಬ ಖಳನು ಬೇಕೇ ಬೇಕೆಂಬುದನ್ನು ಶಾಲೆಯಲ್ಲಿ ನಾಟಕವಾಡಿಸಿದ ಯಾರೂ ಬಲ್ಲರು! ಆದರೂ ಅದೇ ರಾಜಧರನು ತಂದೆಯ ತರುವಾಯ ಸಿಂಹಾಸನವೇರಿದುದನ್ನೂ, ಭಕ್ತನಾದ ವೈಷ್ಣವ ಅರಸನೆಂದು ಪರಂಪರೆಯಲ್ಲಿ ಹೆಸರಾದುದನ್ನೂ ಚರಿತ್ರೆಯ ಅಧ್ಯಾಪಕನು ಮರೆಯುವಂತಿಲ್ಲ. ಯುವರಾಜ ಚಂದ್ರಮಾಣಿಕ್ಯ, ಇಂದ್ರಕುಮಾರ ಎಂಬ ಹೆಸರುಗಳು ಕವಿಕಲ್ಪಿತವೆಂದು ತೋರುತ್ತವೆ. ಖಳನ ಹೆಸರು ಮಾತ್ರ ಚರಿತ್ರೆಯದೇ ಆಗಿ ಉಳಿದುದು ವಿಚಿತ್ರ.

ಸೇನಾಪತಿ ಈಶಾಖಾನನ ವಿಷಯವೂ ಹೀಗೆಯೇ. ನಾಟಕದಲ್ಲಿ ಅವನು ರಾಜಕುಮಾರರ ಶಸ್ತ್ರಗುರು, ರಣರಂಗದಲ್ಲಿ ಮಡಿಯುವ ವೃದ್ಧ ವೀರ. ಈ ಹೆಸರಿನಿಂದ ಭಾಟಿ ಪ್ರದೇಶದ ಪ್ರಸಿದ್ಧ ಈಸಾಖಾನನೇ ಉದ್ದಿಷ್ಟನಾಗಿದ್ದಲ್ಲಿ, ಅವನು ಈ ಯುದ್ಧದ ಅನಂತರವೂ ಬದುಕಿದ್ದು ಮೊಗಲರೊಡನೆ ಹೋರಾಡಿ 1599ರಲ್ಲಿ ತೀರಿಕೊಂಡನು.

ಕವಿಗಳು ತ್ರಿಪುರಾದ ಚರಿತ್ರೆಯನ್ನು ಅರಿಯದವರಲ್ಲ. ‘ರಾಜರ್ಷಿ’ ಕಾದಂಬರಿಗಾಗಿ ಅವರು 1886ರಲ್ಲಿ ಮಹಾರಾಜ ವೀರಚಂದ್ರಮಾಣಿಕ್ಯರಿಂದ ಐತಿಹಾಸಿಕ ಸಾಮಗ್ರಿಯನ್ನು ಕೋರಿದ್ದರು. ಮುಂದೆ ಮಹಾರಾಜ ರಾಧಾಕಿಶೋರಮಾಣಿಕ್ಯರು ಆಶ್ರಮದ ಶಾಲೆಗೆ ಧನಸಹಾಯವನ್ನು ನೀಡುತ್ತಿದ್ದರು. ತಮ್ಮ ಶಾಲೆಯ ಪೋಷಕರ ವಂಶದಲ್ಲಿ ನಡೆದ ಭ್ರಾತೃಕಲಹವನ್ನೇ ಆ ಶಾಲೆಯ ಹುಡುಗರ ಆಟಕ್ಕೆ ವಸ್ತುವಾಗಿಸಲು ಕವಿಗಳು ಹಿಂಜರಿಯಲಿಲ್ಲ.