ನಿಮಗಿದು ಗೊತ್ತೇ? ಪಾರ್ಕಿನ್ಸನ್ ಬಂದರೆ ದನಿಯೂ ಕುಗ್ಗುತ್ತದೆ

ಪಾರ್ಕಿನ್ಸನ್ ಎಂದೊಡನೆ ನಮಗೆ ನೆನಪಾಗುವುದು ಕೈನಡುಕ. ಆದರೆ ಈ ಕಾಯಿಲೆ ಇರುವವರಲ್ಲಿ ಬಹುಪಾಲು ಜನರಿಗೆ ಒಂದಲ್ಲ ಒಂದು ಹಂತದಲ್ಲಿ ಮಾತಿನ ತೊಂದರೆಯೂ ಬರುತ್ತದೆ. ದನಿ ತಗ್ಗುತ್ತದೆ, ಒಡೆಯುತ್ತದೆ, ಏರಿಳಿತವಿಲ್ಲದೆ ಸಾಗುತ್ತದೆ. ಕೆಲವರ ಮಾತು ತಡವರಿಸಿದರೆ, ಕೆಲವರದು ಇದ್ದಕ್ಕಿದ್ದಂತೆ ಓಟ ಕೀಳುತ್ತದೆ.

1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಆರು ಜನರನ್ನು ಗಮನಿಸಿ ಬರೆದ ಪುಟ್ಟ ಪುಸ್ತಕದಲ್ಲೇ ಮಾತು ಕೆಡುವ ಪ್ರಸ್ತಾಪವಿದೆ. ಅವರು ಹುಟ್ಟಿದ ಏಪ್ರಿಲ್ 11 ಈಗ ವಿಶ್ವ ಪಾರ್ಕಿನ್ಸನ್ ದಿನ.

ಮಾತಿಗೂ ಹೆಸರಾಗಿದ್ದ ಬಾಕ್ಸರ್ ಮುಹಮ್ಮದ್ ಅಲಿಗೆ 1984ರಲ್ಲಿ ಈ ರೋಗ ಪತ್ತೆಯಾದಾಗ ವಯಸ್ಸು 42.

ಈ ಕಾಯಿಲೆಯಲ್ಲಿ ಮುಖದ ಸ್ನಾಯುವೂ ಬಿಗಿಯುವುದರಿಂದ ನಗು, ಅಚ್ಚರಿ ಮುಖದಲ್ಲಿ ಅಷ್ಟಾಗಿ ಮೂಡುವುದಿಲ್ಲ. ‘ಅಪ್ಪನಿಗೆ ಯಾಕೋ ನಮ್ಮ ಮೇಲೆ ಸಿಟ್ಟು’ ಎಂದು ಮಕ್ಕಳು ತಿಳಿಯುವುದು ಇಲ್ಲೇ. ಅದು ಸಿಟ್ಟಲ್ಲ, ಕಾಯಿಲೆ.

ತನ್ನ ದನಿ ತಗ್ಗಿದೆ ಎಂಬುದು ಎಷ್ಟೋ ಸಲ ರೋಗಿಗೇ ಗೊತ್ತಾಗುವುದಿಲ್ಲ. ಎಲ್ಲರಷ್ಟು ಗಟ್ಟಿಯಾಗಿ ಮಾತಾಡಿಸಿದರೆ ‘ಕಿರುಚಿದ ಹಾಗಾಯ್ತು’ ಅನ್ನುತ್ತಾರೆ. ದನಿಯನ್ನು ಅಳೆಯುವ ಮಿದುಳಿನ ಲೆಕ್ಕವೇ ತಪ್ಪಿರುತ್ತದೆ. ‘ನಿಮಗೇ ಕಿವಿ ಮಂದ’ ಎಂದು ಅವರು ವಾದಿಸಿದರೆ ಮೊಂಡುತನ ಅಂದುಕೊಳ್ಳಬೇಡಿ.

ಗದ್ದಲದಲ್ಲಿ ನಮಗರಿವಿಲ್ಲದೆಯೇ ನಮ್ಮ ದನಿ ಏರುತ್ತದೆ. 1911ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ವೈದ್ಯ ಎತಿಯೆನ್ ಲೊಂಬಾರ್ ಹೆಸರಿನಲ್ಲೇ ಈ ಪರಿಣಾಮವನ್ನು ಕರೆಯುತ್ತಾರೆ. ಮಿಲ್ಲುಗಳ ಊರಾದ ಕೊಯಮತ್ತೂರಿನ ಸಿಂಗಾನಲ್ಲೂರಿನವರಿಗೆ, ಮಗ್ಗದ ಸದ್ದಿನ ನಡುವೆ ಬೆಳೆದ ಆ ಸೀಮೆಯ ಕನ್ನಡ ದೇವಾಂಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಾರ್ಕಿನ್ಸನ್ ಇರುವವರ ದನಿಯೂ ಹೀಗೆ ಏರಬಲ್ಲದು. ಇದೇ ತತ್ವದ ಮೇಲೆ, ಮಾತಾಡುವಾಗ ಕಿವಿಯಲ್ಲಿ ಗುಜುಗುಜು ಸದ್ದು ಕೇಳಿಸುವ ಸಾಧನವೊಂದು ಅಮೆರಿಕದಲ್ಲಿ ತಯಾರಾಗಿದೆ.

ಇನ್ನೊಂದು ಸಂಗತಿ ಕನ್ನಡದ ಮನೆಗಳಿಗೆ ಮುಖ್ಯ. ಉಸಿರು ಸಾಲದೆ ಈ ರೋಗಿಗಳ ದನಿ ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಅಡಗುವುದುಂಟು. ನಮ್ಮ ಭಾಷೆಯಲ್ಲಿ ಕ್ರಿಯಾಪದ, ‘ಇಲ್ಲ’, ‘ಬೇಡ’, ಪ್ರಶ್ನೆಯ ‘ಆ’ ಎಲ್ಲವೂ ಇರುವುದು ಅಲ್ಲೇ. ‘ಮಾತ್ರೆ ತಗೊಂಡೆ’, ‘ಮಾತ್ರೆ ತಗೊಂಡಿಲ್ಲ’ ಎರಡೂ ಒಂದೇ ಥರ ಕೇಳಿಸಿಬಿಡಬಹುದು. ಅಂದಾಜು ಮಾಡಬೇಡಿ. ಹತ್ತಿರ ಕೂತು, ಟಿವಿ ಆರಿಸಿ, ‘ಆಯ್ತಾ, ಇಲ್ವಾ?’ ಎಂದು ಮತ್ತೆ ಕೇಳಿ. ಚಿಕ್ಕ ವಾಕ್ಯ, ಪ್ರತಿ ವಾಕ್ಯಕ್ಕೂ ಹೊಸ ಉಸಿರು: ಇದನ್ನು ರೂಢಿ ಮಾಡಿಸಿ.

ಈ ರೋಗಿಗಳ ಬಾಯಿಂದ ಜೊಲ್ಲು ಸುರಿಯುವುದು ಅದು ಹೆಚ್ಚು ಉತ್ಪತ್ತಿಯಾಗಿ ಅಲ್ಲ, ನುಂಗುವುದು ಕಡಿಮೆಯಾಗಿ. ಊಟದ ಹೊತ್ತಿನಲ್ಲಿ ಕೆಮ್ಮು ಬರುತ್ತಿದ್ದರೆ ತಡಮಾಡದೆ ವೈದ್ಯರಿಗೆ ಹೇಳಿ. ಅನ್ನದ ಅಗುಳು, ನೀರು ಶ್ವಾಸಕೋಶ ಸೇರಿದರೆ ನ್ಯುಮೋನಿಯಾ ಆಗಬಹುದು.

ಇನ್ನು ಔಷಧದ ಮಾತು. ಮುಟ್ಟಿದರೆ ತುರಿಸುವ ನಸುಗುನ್ನಿ ಕಾಯಿಯ ಬೀಜದಿಂದ 1937ರಲ್ಲಿ ಲೆವೊಡೋಪಾ ಎಂಬ ರಾಸಾಯನಿಕವನ್ನು ಬೇರ್ಪಡಿಸಿದ ವಿಜ್ಞಾನಿಗಳಾದ ದಾಮೋದರನ್, ರಾಮಸ್ವಾಮಿ ಮದ್ರಾಸಿನವರು. ಇಂದಿಗೂ ಪಾರ್ಕಿನ್ಸನ್‌ಗೆ ಲೆವೊಡೋಪಾವೇ ಮುಖ್ಯ ಔಷಧ. ಬೀಜದ ಪುಡಿಯನ್ನು ನೀವಾಗಿಯೇ ತಿನ್ನಿಸಬೇಡಿ, ಪ್ರಮಾಣ ಹೆಚ್ಚುಕಮ್ಮಿಯಾಗುತ್ತದೆ. ಮಾತ್ರೆಯಿಂದಲೂ ಕೈಕಾಲಿಗೆ ಆಗುವಷ್ಟು ಗುಣ ಮಾತಿಗೆ ಆಗುವುದಿಲ್ಲ. ಮಾತಿಗೆ ಬೇಕಾದದ್ದು ಅಭ್ಯಾಸ.

ಅಂಥ ಅಭ್ಯಾಸಗಳಲ್ಲಿ ಹೆಸರಾದದ್ದು 1980ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡಿತು. ಲೀ ಸಿಲ್ವರ್‌ಮನ್ ಎಂಬ ರೋಗಿಯ ಹೆಸರನ್ನೇ ಅದಕ್ಕಿಟ್ಟರು. ವಾರಕ್ಕೆ ನಾಲ್ಕು ದಿನ, ನಾಲ್ಕು ವಾರ, ದಿನಕ್ಕೊಂದು ಗಂಟೆ. ಸೂಚನೆ ಒಂದೇ: ಗಟ್ಟಿಯಾಗಿ ಹೇಳಿ. ದೀರ್ಘವಾಗಿ ‘ಆ’ ಎನ್ನುವುದರ ಜೊತೆಗೆ, ರೋಗಿ ದಿನವೂ ಆಡುವ ಹತ್ತು ವಾಕ್ಯಗಳನ್ನು ಆರಿಸಿ ಮತ್ತೆ ಮತ್ತೆ ಹೇಳಿಸುತ್ತಾರೆ.

ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಆಸ್ಪತ್ರೆ ಇದೆ. ಸಿಂಗಾನಲ್ಲೂರಿನಲ್ಲೇ ಇಎಸ್‌ಐ ಆಸ್ಪತ್ರೆ, ವೈದ್ಯಕೀಯ ಕಾಲೇಜು ಇವೆ. ನಡುಕಕ್ಕೆ ಮಾತ್ರೆ ಬರೆಯುವ ವೈದ್ಯರನ್ನೇ ‘ಮಾತಿನ ಥೆರಪಿಗೆ ಯಾರಲ್ಲಿಗೆ ಹೋಗಲಿ?’ ಎಂದು ಕೇಳಿ. ಥೆರಪಿ ತಮಿಳಿನಲ್ಲಿ ನಡೆಯಬಹುದು. ಆ ಹತ್ತು ವಾಕ್ಯಗಳನ್ನು ಮಾತ್ರ ಮನೆಯ ಕನ್ನಡದಲ್ಲೇ ಬರೆದುಕೊಂಡು ಹೋಗಿ: ‘ಕಾಪಿ ಕೊಡವ್ವಾ’, ‘ಯಾರು ಬಂದಿರೋದು?’, ‘ನಂಗೆ ಬೇಡ’.