ಕಿರುವಿಮಾನಗಳ ಎಂಜಿನ್ ಮಾಪಕಗಳು: ಆಯ್ಕೆ ಮತ್ತು ಅಂಗೀಕಾರ

ವರ್ತೂರಿಗೆ ಪಶ್ಚಿಮದಲ್ಲಿ, ಸುಮಾರು ೮ ಕಿಲೋಮೀಟರುಗಳ ಅಂತರದಲ್ಲಿ, ಎಚ್.ಎ.ಎಲ್. ವಿಮಾನ ನಿಲ್ದಾಣದ ಓಡುದಾರಿಯಿದೆ. ಅದು ಪೂರ್ವ-ಪಶ್ಚಿಮವಾಗಿ ಹಾಸಿರುವುದರಿಂದ, ಪೂರ್ವಕ್ಕೆ ನೆಗೆಯುವ ವಿಮಾನವು ವರ್ತೂರು-ವೈಟ್‌ಫೀಲ್ಡುಗಳ ಸೀಮೆಯತ್ತಲೇ ಮುಖಮಾಡುತ್ತದೆ. ಹಿಂದೆ ಇಲ್ಲಿ ಹೊಲಗದ್ದೆಗಳು ವಿಶಾಲವಾಗಿದ್ದುವು; ಇಂದು ಮನೆ, ಕಾರ್ಖಾನೆ, ಕಚೇರಿಗಳು ಒತ್ತೊತ್ತಾಗಿ ನಿಂತಿವೆ. ಒಂದೇ ಎಂಜಿನ್ನಿನ ವಿಮಾನವು ಏರುತ್ತಿರುವಾಗ ಶಕ್ತಿ ಕುಂದಿದರೆ ಇಳಿಯಲು ತೆರಪು ದೊರೆಯುವುದು ದುರ್ಲಭ. ಎಂಜಿನ್ನಿನ ಅಸ್ವಸ್ಥತೆಯನ್ನು ಚಾಲಕನಿಗೆ ಮುಂಚಿತವಾಗಿ ಅರುಹುವ ಮಾಪಕಗಳ ಆಯ್ಕೆಯು ಆದಕಾರಣ ಅಲಂಕಾರದ ವಿಷಯವಲ್ಲ.

ಬೆಂಗಳೂರಿನಲ್ಲಿಯೇ ರೂಪುಗೊಂಡ ವಿಮಾನಗಳನ್ನು ಹೋಲಿಸಿದರೆ ಈ ವಿಷಯವು ಬೆಳೆದ ಬಗೆ ತಿಳಿಯುತ್ತದೆ. ೧೯೫೮ರಲ್ಲಿ ಮೊದಲು ಹಾರಿದ ಎಚ್.ಎ.ಎಲ್. ಸಂಸ್ಥೆಯ ‘ಪುಷ್ಪಕ್’ ವಿಮಾನದಲ್ಲಿ ಇದ್ದುದು ೯೦ ಅಶ್ವಶಕ್ತಿಯ, ಗಾಳಿಯಿಂದ ತಂಪಾಗುವ ಕಾಂಟಿನೆಂಟಲ್ ಎಂಜಿನ್. ಅಂಥ ಸರಳ ಎಂಜಿನ್ನಿಗೆ ಪರಿಭ್ರಮಣ ವೇಗ, ತೈಲದ ಒತ್ತಡ, ತೈಲದ ಉಷ್ಣತೆ ಇವಿಷ್ಟು ಕಂಡರೆ ಬಹುಮಟ್ಟಿಗೆ ಸಾಕು. ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು ರಚಿಸಿ, ೨೦೦೦ದಲ್ಲಿ ಮಾದರಿ ಪ್ರಮಾಣಪತ್ರವನ್ನು ಪಡೆದ ‘ಹಂಸ-೩’ ವಿಮಾನದ ರೋಟಾಕ್ಸ್ ೯೧೪ ಎಂಜಿನ್ನಿಗಾದರೋ ಟರ್ಬೋಚಾರ್ಜರು ಉಂಟು. ಸಿಲಿಂಡರಿನ ತಲೆಗಳಿಗೆ ದ್ರವದ ತಂಪು, ಗೋಡೆಗಳಿಗೆ ಗಾಳಿಯ ತಂಪು. ಇಲ್ಲಿ ಒಳಹೋಗುವ ಗಾಳಿಯ ಒತ್ತಡವನ್ನೂ ಸಿಲಿಂಡರು ತಲೆಯ ಉಷ್ಣತೆಯನ್ನೂ ಕಾಣದೆ ಹಾರುವುದು ಸಲ್ಲದು. ೨೦೨೧ರ ಸೆಪ್ಟೆಂಬರಿನಲ್ಲಿ ಮೊದಲು ಹಾರಿದ ‘ಹಂಸ-ಎನ್.ಜಿ.’ಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಇಡಲಾಗಿದೆ. ಅದರ ರೋಟಾಕ್ಸ್ ೯೧೨ ಐ.ಎಸ್. ಎಂಜಿನ್ನನ್ನು ಎಲೆಕ್ಟ್ರಾನಿಕ್ ನಿಯಂತ್ರಕವು ನಡೆಸುತ್ತದೆ. ಸಂವೇದಕಗಳ ಸುದ್ದಿಯು ಮೊದಲು ನಿಯಂತ್ರಕಕ್ಕೆ, ಅಲ್ಲಿಂದ ಚಾಲಕನ ಮುಂದಿನ ಪರದೆಗೆ ಬರುತ್ತದೆ.

ಮಾಪಕವೆಂದರೆ ಫಲಕದ ಮೇಲಿನ ಮುಖ ಮಾತ್ರವೆಂದು ಭಾವಿಸುವುದೇ ಈ ವಿಷಯದಲ್ಲಿ ಸಾಮಾನ್ಯವಾದ ತಪ್ಪು. ಸಂವೇದಕ, ತಂತಿ, ಮುಖ, ಎಂಜಿನ್ ತಯಾರಕನು ವಿಧಿಸಿದ ಮಿತಿ ಈ ನಾಲ್ಕೂ ಸೇರಿ ಒಂದು ಮಾಪಕ. ಸಿಲಿಂಡರು ತಲೆಯ ಉಷ್ಣತೆಯನ್ನೇ ತೆಗೆದುಕೊಳ್ಳೋಣ. ಸ್ಪಾರ್ಕ್ ಪ್ಲಗ್ಗಿನ ಅಡಿಯಲ್ಲಿ ವಾಷರಿನಂತೆ ಕೂರುವ ಉಷ್ಣಯುಗ್ಮವೂ, ತಲೆಯಲ್ಲಿ ಕೊರೆದ ಕುಳಿಯೊಳಗೆ ನಾಟುವ ಉಷ್ಣಯುಗ್ಮವೂ ಒಂದೇ ಕ್ಷಣದಲ್ಲಿ ಒಂದೇ ಅಂಕಿಯನ್ನು ಕೊಡುವುದಿಲ್ಲ. ಕೆಂಪು ಗೆರೆಯು ಯಾವ ಸ್ಥಾನದ ಅಳತೆಗೆ ಹೇಳಿದುದೋ ಆ ಸ್ಥಾನಕ್ಕಷ್ಟೇ ಸತ್ಯ. ಸಂವೇದಕವನ್ನು ಬೇರೆಡೆಗೆ ಸರಿಸಿ ಹಳೆಯ ಕೆಂಪು ಗೆರೆಯನ್ನೇ ಉಳಿಸಿಕೊಂಡರೆ, ಚಾಲಕನು ಅರ್ಥವಿಲ್ಲದ ಅಂಕಿಯೊಂದನ್ನು ನಂಬಿದಂತಾಗುತ್ತದೆ.

ತಂತಿಯ ವಿಚಾರವಂತೂ ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಒಳ್ಳೆಯ ಪಾಠ. ಹೊಗೆಗೊಳವೆಯ ಅನಿಲದ ಉಷ್ಣತೆಯನ್ನು ಅಳೆಯಲು ಕ್ರೋಮೆಲ್-ಅಲುಮೆಲ್ ಜೋಡಿಯನ್ನು ಬಳಸುತ್ತಾರೆ. ಅದು ಒಂದು ಸೆಂಟಿಗ್ರೇಡ್ ಡಿಗ್ರಿಗೆ ಸುಮಾರು ೪೧ ಮೈಕ್ರೋವೋಲ್ಟಿನಷ್ಟು ವಿದ್ಯುದ್ದಾಬವನ್ನು ಮಾತ್ರ ಕೊಡುತ್ತದೆ. ೭೦೦ ಡಿಗ್ರಿಯ ಅಂತರಕ್ಕೂ ೩೦ ಮಿಲಿವೋಲ್ಟು ತುಂಬದು. ಅದೂ ಬಿಸಿ ಸಂಧಿಗೂ ತಣ್ಣನೆಯ ಸಂಧಿಗೂ ಇರುವ ಅಂತರದ ಫಲವೇ ಹೊರತು ನೇರವಾದ ಉಷ್ಣತೆಯ ಅಳತೆಯಲ್ಲ. ತಂತಿ ಸಾಲದೆಂದು ನಡುವೆ ತಾಮ್ರವನ್ನು ಜೋಡಿಸಿದರೆ ಆ ಜೋಡಣೆಯೇ ತಣ್ಣನೆಯ ಸಂಧಿಯಾಗಿಬಿಡುತ್ತದೆ. ಅದು ಎಂಜಿನ್ನಿನ ಸೆಕೆಯಲ್ಲಿದ್ದರೆ ಮಾಪಕವು ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಹಳೆಯ ಸುರುಳಿಮುಳ್ಳಿನ ಮಾಪಕಗಳಲ್ಲಿ ತಂತಿಯ ರೋಧವೂ ಲೆಕ್ಕಕ್ಕೆ ಸೇರಿರುತ್ತದೆಯಾದ್ದರಿಂದ, ಉದ್ದವಾಯಿತೆಂದು ಕತ್ತರಿಸುವಂತೆಯೂ ಇಲ್ಲ. ಹೆಚ್ಚಾದ ತಂತಿಯನ್ನು ಸುತ್ತಿ ಕಟ್ಟಿರುವುದನ್ನು ಕಂಡು ಅದನ್ನು ಅಚ್ಚುಕಟ್ಟಿಲ್ಲದ ಕೆಲಸವೆಂದು ಹಳಿಯಬಾರದು.

ಒತ್ತಡಮಾಪಕದ ಬಗೆಗೆ ಸ್ಥಳೀಯವಾದ ಒಂದು ಮಾತು. ಎಚ್.ಎ.ಎಲ್. ಓಡುದಾರಿಯು ಸಮುದ್ರಮಟ್ಟದಿಂದ ಸುಮಾರು ೮೮೮ ಮೀಟರು ಎತ್ತರದಲ್ಲಿದೆ. ಎಂಜಿನ್ ನಿಂತಿರುವಾಗ ಒಳಹೋಗುವ ಗಾಳಿಯ ಒತ್ತಡಮಾಪಕವು ಅಲ್ಲಿ ಪಾದರಸದ ಸುಮಾರು ೨೭ ಅಂಗುಲವನ್ನು ತೋರಿಸಬೇಕು. ಸಮುದ್ರಮಟ್ಟದ ೨೯.೯೨ನ್ನು ತೋರಿಸಿದರೆ ಮಾಪಕವು ಕೆಟ್ಟಿದೆಯೆಂದೇ ಅರ್ಥ. ಕಾಸಿನ ಖರ್ಚಿಲ್ಲದ ಈ ಪರೀಕ್ಷೆಯನ್ನು ಪ್ರತಿಯೊಬ್ಬ ಕಲಿಕೆಯ ಚಾಲಕನೂ ಮಾಡಬಹುದು.

ಇನ್ನು ಅಂಗೀಕಾರ. ನಮ್ಮ ದೇಶದ ನಾಗರಿಕ ವಿಮಾನಗಳಿಗೆ ಸಂಬಂಧಿಸಿದಂತೆ ಇದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಅಧಿಕಾರ. ವರ್ತೂರಿಗೆ ಹತ್ತಿರದ ಮಾರತ್ತಹಳ್ಳಿಯಲ್ಲಿರುವ ‘ಸೆಮಿಲಾಕ್’ ಕೇಂದ್ರವು ಸೇನಾ ವಿಮಾನಗಳ ಹಾರಾಟಯೋಗ್ಯತೆಗೆ ಸಂಬಂಧಪಟ್ಟುದು. ವಿದ್ಯಾರ್ಥಿಗಳು ಎರಡನ್ನೂ ಬೆರೆಸುವುದುಂಟು. ಉಪಕರಣಕ್ಕೆ ತಾಂತ್ರಿಕ ಮಾನದಂಡದ ಮುದ್ರೆ ಇರಬಹುದು. ಅಮೆರಿಕದ ಪದ್ಧತಿಯಲ್ಲಿ ಉಷ್ಣತೆಯ ಮಾಪಕಗಳಿಗೆ ಸಿ-೪೩, ಇಂಧನಪ್ರವಾಹದ ಮಾಪಕಗಳಿಗೆ ಸಿ-೪೪, ಒತ್ತಡದವಕ್ಕೆ ಸಿ-೪೭ ಎಂಬ ಆದೇಶಗಳಿವೆ. ಆದರೆ ಆ ಮುದ್ರೆಯು ಉಪಕರಣದ ತಯಾರಿಕೆ ಸರಿಯಿದೆಯೆಂದು ಹೇಳುತ್ತದೆಯೇ ವಿನಾ, ಈ ವಿಮಾನದಲ್ಲಿ ಅದನ್ನು ಕೂರಿಸಬಹುದೆಂದು ಹೇಳುವುದಿಲ್ಲ. ಕೂರಿಸುವುದು ಮಾದರಿ ವಿನ್ಯಾಸದ ಬದಲಾವಣೆ, ಸಿ.ಎ.ಆರ್.-೨೧ರ ಪ್ರಕಾರ ಅದು ಸಣ್ಣದೋ ದೊಡ್ಡದೋ ಎಂಬುದನ್ನು ಮೊದಲು ನಿರ್ಧರಿಸಬೇಕು. ದೊಡ್ಡದಾದರೆ, ಮಾದರಿ ಪ್ರಮಾಣಪತ್ರವನ್ನು ಹೊಂದಿದವರಲ್ಲದ ಅರ್ಜಿದಾರರು ಪೂರಕ ಮಾದರಿ ಪ್ರಮಾಣಪತ್ರವನ್ನು ಪಡೆಯಬೇಕಾಗುತ್ತದೆ.

ಹಾಗಾದರೆ ಗೆರೆಯನ್ನು ಎಲ್ಲಿ ಎಳೆಯುವುದು? ಹೊಸ ಮಾಪಕವು ಕಡ್ಡಾಯವಾದ ಹಳೆಯದನ್ನು ತೆಗೆದು ಅದರ ಸ್ಥಾನದಲ್ಲಿ ನಿಲ್ಲುವುದೋ, ಅಥವಾ ಅದರ ಪಕ್ಕದಲ್ಲಿ ಸಲಹೆಗಾರನಾಗಿ ಮಾತ್ರ ಇರುವುದೋ ಎಂಬ ಪ್ರಶ್ನೆಯು ಇಲ್ಲಿ ನಿರ್ಣಾಯಕವೆಂದು ನನ್ನ ಅಭಿಪ್ರಾಯ. ಸಲಹೆಗಾರ ಮಾಪಕದ ದಾರಿ ಸುಲಭ. ಹಳೆಯದು ಸ್ಥಾನದಲ್ಲಿಯೇ ಇದ್ದು, ಮಿತಿಗಳನ್ನು ಅದರಿಂದಲೇ ಪಾಲಿಸಲಾಗುತ್ತದೆ. ಆದರೂ ಒಂದು ಎಚ್ಚರ ಬೇಕು. ಇಂಧನಪ್ರವಾಹದ ಸಂವೇದಕವು ಇಂಧನದ ಕೊಳವೆಯಲ್ಲಿಯೇ ಸೇರುವುದರಿಂದ, ಅದರ ಚಕ್ರ ಸಿಕ್ಕಿಕೊಂಡರೂ ಎಂಜಿನ್ನಿಗೆ ಸಾಕಷ್ಟು ಇಂಧನ ಹರಿಯುವುದೆಂದು ತೋರಿಸಿಕೊಡಬೇಕು. ತೈಲದ ಕೊಳವೆಗೆ ಕಿರಿದಾದ ರಂಧ್ರದ ತಡೆಯಿರಬೇಕು; ಇಲ್ಲವಾದರೆ ಕೊಳವೆ ಒಡೆದಾಗ ಮಾಪಕದ ದೆಸೆಯಿಂದಲೇ ಎಂಜಿನ್ ಬರಿದಾಗುತ್ತದೆ. ತೋರಿಸುವುದು ಸಲಹೆಯೇ ಆದರೂ ಕೆಡಿಸುವ ಸಾಮರ್ಥ್ಯ ಸಲಹೆಯದಲ್ಲ.

ಬದಲಿ ಮಾಪಕವಾದರೆ ಕಡತ ದಪ್ಪವಾಗುತ್ತದೆ: ವಿದ್ಯುತ್ತಿನ ಭಾರದ ಲೆಕ್ಕ, ದಿಕ್ಸೂಚಿಯ ಮೇಲಿನ ಪ್ರಭಾವ, ಪರದೆ ಆರಿಹೋದರೆ ಎಷ್ಟು ಮಾಪಕಗಳು ಒಮ್ಮೆಗೇ ಕಣ್ಮರೆಯಾಗುವುವೆಂಬ ವಿಚಾರ, ಹಸಿರು ಹಳದಿ ಕೆಂಪು ಗುರುತುಗಳು ಹಾರಾಟದ ಕೈಪಿಡಿಯ ಅಂಕಿಗಳಿಗೆ ಹೊಂದುವುವೇ ಎಂಬುದು. ಕೊನೆಯಲ್ಲಿ ನೆಲದ ಮೇಲೆ ಎಂಜಿನ್ನನ್ನು ನಡೆಸಿ ಹೊಸ ಅಂಕಿಗಳನ್ನು ಪರಿಶೋಧಿತ ಮಾಪಕದೊಡನೆ ತಾಳೆ ನೋಡಿ, ತೂಕ-ಸಮತೋಲನದ ಪತ್ರವನ್ನು ತಿದ್ದಿ, ಪರವಾನಗಿ ಪಡೆದ ಇಂಜಿನಿಯರು ದಾಖಲೆಪುಸ್ತಕದಲ್ಲಿ ರುಜು ಹಾಕಿದ ಮೇಲೆ ಮಾತ್ರ ವಿಮಾನವು ಓಡುದಾರಿಗೆ ಹೊರಡಬಹುದು.